ಎಲ್ವಿಸ್ ಸಿನಿಮಾ ತೋರಿಸುವ ಮುನ್ನ: ಗೆಳೆಯನಿಗೊಂದು ಪತ್ರ

ಪ್ರೀತಿಯ ಶ್ರೀಧರ,

ನಿಮ್ಮ ಸಿನಿಮಾ ಬಳಗದಲ್ಲಿ ಅಮೆರಿಕದ ರಾಕ್ ಗಾಯಕ ಎಲ್ವಿಸ್ ಪ್ರೀಸ್ಲಿ ನಟಿಸಿದ 1964ರ ಚಿತ್ರ ‘ವೀವಾ ಲಾಸ್ ವೇಗಸ್’ ಹಾಕಬೇಕು ಅಂತ ಹೊರಟಿದ್ದೀಯ, ಸಂತೋಷ. ಮೊದಲೇ ನೋಡಿದವರಲ್ಲಿ ಒಬ್ಬರು ಕಥೆಯೇ ಇಲ್ಲ ಅಂದರು, ಇನ್ನೊಬ್ಬರು ಹಾಡು ಸೊಗಸು ಅಂದರು, ಮತ್ತೊಬ್ಬರು ಎಲ್ವಿಸ್‌ಗಿಂತ ನಾಯಕಿ ಆನ್-ಮಾರ್ಗರೆಟ್, ಅವಳೇ ಮಿಂಚಿದಳು ಅಂದರು, ಯಾರ ಮಾತು ನಂಬಲಿ ಅಂತ ಕೇಳಿದ್ದೀಯ. ಮೂರು ಮಾತೂ ನಿಜವೇ. ಆದರೆ ಮೂರಕ್ಕೂ ಒಂದೇ ತೂಕವಿಲ್ಲ. ಕಥೆಯ ಮೇಲಿನ ದೂರು ಅತಿ ಸುಲಭದ್ದು, ಅದನ್ನೇ ಹಿಡಿದು ಕೂತರೆ ಚರ್ಚೆ ಹತ್ತು ನಿಮಿಷಕ್ಕೆ ಮುಗಿದುಹೋಗುತ್ತದೆ. ಇಂಥ ಚಿತ್ರವನ್ನು ಅಳೆಯಬೇಕಾದ್ದು ಹಾಡುಗಳನ್ನು ಹೇಗೆ ಹಿಡಿದಿದ್ದಾರೆ ಅನ್ನುವುದರಲ್ಲಿ.

ಕಥೆಯನ್ನು ನಾಲ್ಕು ಸಾಲಲ್ಲಿ ಹೇಳಿ ಮುಗಿಸುತ್ತೇನೆ. ಲಕ್ಕಿ ಜಾಕ್ಸನ್ (ಎಲ್ವಿಸ್) ರೇಸ್ ಕಾರು ಓಡಿಸುವವನು. ಲಾಸ್ ವೇಗಸ್ಸಿನ ಗ್ರ್ಯಾನ್ ಪ್ರೀ ಪಂದ್ಯಕ್ಕೆ ಬಂದಿದ್ದಾನೆ, ಕಾರಿಗೆ ಹೊಸ ಎಂಜಿನ್ ಬೇಕು, ಅದಕ್ಕೆ ದುಡ್ಡು ಬೇಕು. ಹೋಟೆಲಿನಲ್ಲಿ ಈಜು ಕಲಿಸುವ ರಸ್ಟಿ ಮಾರ್ಟಿನ್ (ಆನ್-ಮಾರ್ಗರೆಟ್) ಮೇಲೆ ಅವನಿಗೆ ಮನಸ್ಸು. ಇಟಲಿಯ ರೇಸ್ ಚಾಂಪಿಯನ್ ಕೌಂಟ್ ಮಾನ್ಸೀನಿ ಎರಡೂ ಕಡೆ ಎದುರಾಳಿ. ಇದ್ದ ದುಡ್ಡು ಕಳೆದುಹೋಗಿ ಲಕ್ಕಿ ಅದೇ ಹೋಟೆಲಿನಲ್ಲಿ ಮಾಣಿಯಾಗುತ್ತಾನೆ, ನೌಕರರ ಪ್ರತಿಭಾ ಸ್ಪರ್ಧೆಯಲ್ಲಿ ಹಾಡುತ್ತಾನೆ, ಕೊನೆಗೆ ರೇಸು, ಮದುವೆ. ಒಟ್ಟು 85 ನಿಮಿಷ.

ಕಥೆ ಇಷ್ಟು ತೆಳುವಾಗಿರುವುದಕ್ಕೆ ಕಾರಣವಿದೆ, ಅದನ್ನು ನಿಮ್ಮವರಿಗೆ ಮೊದಲೇ ಹೇಳಿಬಿಡು. 1960ರ ‘ಫ್ಲೇಮಿಂಗ್ ಸ್ಟಾರ್’, 1961ರ ‘ವೈಲ್ಡ್ ಇನ್ ದ ಕಂಟ್ರಿ’ ಎರಡರಲ್ಲೂ ಎಲ್ವಿಸ್‌ಗೆ ನಟನೆಗೆ ಜಾಗವಿತ್ತು, ಹಾಡು ಕಡಿಮೆ. ಗಳಿಕೆಯೂ ಕಡಿಮೆಯೇ ಆಯಿತು. 1961ರ ಕೊನೆಗೆ ಬಂದ ‘ಬ್ಲೂ ಹವಾಯಿ’ಯಲ್ಲಿ ಹಾಡಿನ ಮೇಲೆ ಹಾಡು, ಸಮುದ್ರ, ಹುಡುಗಿಯರು. ಅದರ ಎಲ್‌ಪಿ (ಹಲವು ಹಾಡುಗಳ ದೊಡ್ಡ ರೆಕಾರ್ಡು) ಅಮೆರಿಕದ ಜನಪ್ರಿಯ ರೆಕಾರ್ಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ 20 ವಾರ ಮೊದಲ ಸ್ಥಾನ ಬಿಡಲಿಲ್ಲ. ಅಲ್ಲಿಂದ ಮುಂದೆ ನಿರ್ಮಾಪಕರಿಗೂ ಮ್ಯಾನೇಜರ್ ಕರ್ನಲ್ ಪಾರ್ಕರ್‌ಗೂ ದಾರಿ ಖಚಿತವಾಯಿತು: ಚಿತ್ರ ರೆಕಾರ್ಡು ಮಾರಬೇಕು, ರೆಕಾರ್ಡು ಚಿತ್ರ ಮಾರಬೇಕು. ಹೀಗೆ ಲೆಕ್ಕ ಹಾಕಿದ ಮೇಲೆ ಕಥೆಯ ಕೆಲಸ ಒಂದು ಹಾಡಿನಿಂದ ಮುಂದಿನ ಹಾಡಿಗೆ ನಮ್ಮನ್ನು ದಾಟಿಸುವುದು ಮಾತ್ರ. 1956ರಿಂದ 1969ರವರೆಗೆ ಅವನು ನಟಿಸಿದ 31 ಚಿತ್ರಗಳಲ್ಲಿ ಬಹುಪಾಲು ಹೀಗೇ ಹುಟ್ಟಿದವು. ಹಾಗಿದ್ದೂ ಇದೊಂದು ಬೇರೆಯಾಗಿ ನಿಲ್ಲುತ್ತದೆ. ಯಾಕೆ ಅನ್ನುವುದೇ ನಿಮ್ಮ ಚರ್ಚೆಯ ತಿರುಳಾಗಲಿ.

ಮೊದಲ ಕಾರಣ ನಿರ್ದೇಶಕ ಜಾರ್ಜ್ ಸಿಡ್ನಿ. ಹಾಲಿವುಡ್ಡಿನ ಎಂಜಿಎಂ ಸಂಸ್ಥೆಯಲ್ಲಿ ದೊಡ್ಡ ಸಂಗೀತ ಚಿತ್ರಗಳನ್ನು ಮಾಡಿಯೇ ಪಳಗಿದವನು. ಕುಣಿಯುವವರನ್ನು ಹಿಡಿಯಬೇಕಾದರೆ ತಲೆಯಿಂದ ಪಾದದವರೆಗೆ ಹಿಡಿಯಬೇಕು, ಬೇಗ ಬೇಗ ಕತ್ತರಿಸಬಾರದು ಅನ್ನುವುದು ಅವನಿಗೆ ಕರತಲಾಮಲಕ. ನೃತ್ಯ ನಿರ್ದೇಶಕ ಡೇವಿಡ್ ವಿಂಟರ್ಸ್ ಕೂಡ ಸ್ವತಃ ಕುಣಿಯುವವನು. ಅದೇ ಹೊತ್ತಿನ ‘ಕಿಸ್ಸಿನ್ ಕಸಿನ್ಸ್’ ಜೊತೆ ಹೋಲಿಸಿದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಅದು ‘ವೀವಾ’ ಆದಮೇಲೆ ಚಿತ್ರೀಕರಣವಾದದ್ದು, ಎರಡು ವಾರ ಚಿಲ್ಲರೆಯಲ್ಲಿ ಮುಗಿಸಿ 1964ರ ಮಾರ್ಚಿಗೇ, ಅಂದರೆ ಇದಕ್ಕಿಂತ ಮೊದಲೇ, ತೆರೆಗೆ ತಂದರು. ಅದರಲ್ಲಿ ಎಲ್ವಿಸ್‌ಗೆ ದ್ವಿಪಾತ್ರ, ಒಂದಕ್ಕೆ ಹೊಂಬಣ್ಣದ ವಿಗ್ಗು. ನಟ ಅವನೇ, ಕಂಠವೂ ಅದೇ. ದಿನ ಕಡಿಮೆಯಾದಾಗ ಮೊದಲು ಕೈಬಿಡುವುದು ನೃತ್ಯದ ತಾಲೀಮನ್ನು. ಆಗ ಹಾಡು ಅಂದರೆ ಅವನನ್ನು ಒಂದು ಕಡೆ ನಿಲ್ಲಿಸಿ, ಸುತ್ತ ನಾಲ್ಕು ಜನರಿಂದ ಚಪ್ಪಾಳೆ ತಟ್ಟಿಸುವುದು ಅಂತಾಗಿಬಿಡುತ್ತದೆ.

ಈಗ ಈಜುಕೊಳದ ಯುಗಳಗೀತೆಯನ್ನು ಗಮನವಿಟ್ಟು ನೋಡು. ಲಕ್ಕಿ ಗಿಟಾರ್ ಹಿಡಿದು, ಇವಳಿಗೆ ನನ್ನ ಮೇಲೆ ಪ್ರೀತಿ, ಅದು ಅವಳಿಗೇ ಇನ್ನೂ ಗೊತ್ತಿಲ್ಲ ಅನ್ನುವ ಧಾಟಿಯಲ್ಲಿ ಹಾಡುತ್ತಾನೆ. ಅವಳು ಪ್ರತಿ ಸಾಲಿಗೂ ಚುರುಕಾಗಿ ತಿರುಗೇಟು ಕೊಡುತ್ತಾಳೆ. ಕೊಳದ ಅಂಚಿನಲ್ಲಿ ಇಬ್ಬರೂ ಅಡ್ಡಾಡುತ್ತ, ಒಬ್ಬರಿಗೊಬ್ಬರು ಸೋಲದೆ ಜಗಳ ನಡೆಸುತ್ತಾರೆ. ಅವನ ಹಮ್ಮು ಏರುತ್ತ ಏರುತ್ತ ಕೊನೆಗೆ ಅವನು ಜಿಗಿಹಲಗೆಯ ಮೇಲೆ ನಿಂತಿರುತ್ತಾನೆ, ಅವಳು ನೂಕಿಬಿಡುತ್ತಾಳೆ, ಬಟ್ಟೆ ಸಮೇತ ನೀರಿಗೆ. ಎಂಜಿನ್ನಿನ ದುಡ್ಡು ಅವನ ಜೇಬಲ್ಲಿತ್ತು, ಅದು ನೀರುಪಾಲು. ಮುಂದೆ ಮಾಣಿ ಕೆಲಸ, ಸ್ಪರ್ಧೆ ಎಲ್ಲವೂ ಈ ಒಂದು ನೂಕಿನಿಂದಲೇ ಹೊರಡುವುದು. ಹಾಡು ಶುರುವಾದಾಗ ಇದ್ದ ಪರಿಸ್ಥಿತಿ ಹಾಡು ಮುಗಿಯುವಾಗ ಇರುವುದಿಲ್ಲ. ಇಂಥ ಹಾಡನ್ನು ಕಿತ್ತರೆ ಚಿತ್ರ ನಿಂತುಹೋಗುತ್ತದೆ. ಇದೇ ಚಿತ್ರದಲ್ಲಿ ಕಿತ್ತರೂ ಏನೂ ಆಗದ ಹಾಡುಗಳೂ ಇವೆ. ಎರಡನ್ನೂ ಬೇರ್ಪಡಿಸಲು ನಿಮ್ಮವರಿಗೆ ಹೇಳು. ‘ಹಾಡು ಸೊಗಸು’ ಅನ್ನುವ ಬೀಸುಮಾತಿಗಿಂತ ಅದು ಎಷ್ಟೋ ಮೇಲು.

ಶೀರ್ಷಿಕೆ ಗೀತೆಯದು ಬೇರೆಯೇ ಬಗೆ. ಡಾಕ್ ಪೋಮಸ್, ಮಾರ್ಟ್ ಶೂಮನ್ ಜೋಡಿ ಬರೆದದ್ದು. ಪ್ರತಿಭಾ ಸ್ಪರ್ಧೆಯಲ್ಲಿ ಲಕ್ಕಿ ಅದನ್ನು ಹಾಡುವ ದೃಶ್ಯ ಪೂರ್ತಿ ಒಂದೇ ಶಾಟ್, ಒಂದೇ ಕ್ಯಾಮೆರಾ. ನಡುವೆ ಕತ್ತರಿಯೇ ಇಲ್ಲ. ಎರಡು ನಿಮಿಷದ ಮೇಲಿನ ಹಾಡನ್ನು ಹೀಗೆ ತೆಗೆಯಬೇಕಾದರೆ ಹಿಂದಿನ ನರ್ತಕಿಯರ ಹೆಜ್ಜೆ, ಕ್ಯಾಮೆರಾದ ಚಲನೆ, ಮೊದಲೇ ಮುದ್ರಿಸಿಟ್ಟ ಹಾಡಿಗೆ ಅವನ ತುಟಿ, ಮೂರೂ ಕೂಡಿಬರಬೇಕು. ಒಂದು ತಪ್ಪಿದರೆ ಮೊದಲಿಂದ ಮತ್ತೆ. ಈ ಚಿತ್ರದ ಹೆಚ್ಚಿನ ಹಾಡುಗಳನ್ನು 1963ರ ಜುಲೈನಲ್ಲಿ ಹಾಲಿವುಡ್ಡಿನ ರೇಡಿಯೋ ರೆಕಾರ್ಡರ್ಸ್ ಸ್ಟುಡಿಯೋದಲ್ಲಿ ಮುದ್ರಿಸಿದರು, ಸೆಟ್ಟಿನಲ್ಲಿ ಅದಕ್ಕೆ ತುಟಿಯಾಡಿಸಿದರು. ನಮ್ಮವರಿಗೆ ಹಿನ್ನೆಲೆ ಗಾಯನ ಹೊಸದಲ್ಲ, ಬೇರೆಯವರ ಕಂಠಕ್ಕೆ ತುಟಿ ಕೂಡಿಸುವುದನ್ನು ನೋಡಿ ಬೆಳೆದವರು. ಹಾಗಾಗಿ ತನ್ನದೇ ಕಂಠಕ್ಕೆ ತಾನೇ ತುಟಿಯಾಡಿಸುವಾಗ ಕತ್ತಿನ ನರ, ಉಸಿರು ತೆಗೆದುಕೊಳ್ಳುವ ಜಾಗ ಸರಿಯಾಗಿ ಕೂತಿದೆಯೇ ಅಂತ ಥಟ್ಟನೆ ಹಿಡಿಯಬಲ್ಲರು. ಆ ಒಂದೇ ಶಾಟಿನಲ್ಲಿ ಕೂತಿದೆ. ಕೊಳದ ಹಾಡಿನಲ್ಲಿ ಕೈಯಲ್ಲಿ ಒಂದೇ ಗಿಟಾರ್, ಕಿವಿಗೆ ಮಾತ್ರ ಪೂರ್ತಿ ವಾದ್ಯಮೇಳ. ಕೆಲವರು ಇದನ್ನು ತಪ್ಪು ಅನ್ನುತ್ತಾರೆ. ನಮ್ಮ ಸಿನಿಮಾಗಳಲ್ಲಿ ಬೆಟ್ಟದ ತುದಿಯಲ್ಲಿ ಪಿಟೀಲು ಕೇಳಿದರೆ ಯಾರೂ ತಕರಾರು ಮಾಡುವುದಿಲ್ಲವಲ್ಲ, ಇದೂ ಅದೇ ಒಪ್ಪಂದ.

ಇನ್ನು ‘ಅವಳೇ ಮಿಂಚಿದಳು’ ಅನ್ನುವ ಮಾತು. ನನ್ನ ಪ್ರಕಾರ ಮೂರರಲ್ಲಿ ಅತ್ಯಂತ ತೂಕದ್ದು ಇದೇ. ಆನ್-ಮಾರ್ಗರೆಟ್‌ಗೆ ಚಿತ್ರೀಕರಣದ ಹೊತ್ತಿಗೆ, 1963ರಲ್ಲಿ, 22, ಎಲ್ವಿಸ್‌ಗೆ 28. ಸಿಡ್ನಿ ಅದೇ ವರ್ಷ ಬಂದ ‘ಬೈ ಬೈ ಬರ್ಡಿ’ಯಲ್ಲಿ ಅವಳನ್ನು ನಿರ್ದೇಶಿಸಿದ್ದ. ಅದು ಸೈನ್ಯಕ್ಕೆ ಸೇರುವ ಒಬ್ಬ ರಾಕ್ ಗಾಯಕನ ಕಥೆ, ಎಲ್ವಿಸ್‌ನನ್ನೇ ಮನಸ್ಸಿನಲ್ಲಿಟ್ಟುಕೊಂಡ ವಿಡಂಬನೆ. ‘ವೀವಾ’ದಲ್ಲಿ ಕ್ಯಾಮೆರಾ ಅವಳ ಕಡೆ ಹೆಚ್ಚು ವಾಲುತ್ತಿದೆ, ಖರ್ಚೂ ಮಿತಿಮೀರುತ್ತಿದೆ ಅಂತ ಪಾರ್ಕರ್ ತಕರಾರು ತೆಗೆದ. ಇಬ್ಬರೂ ಕೂಡಿ ಹಾಡಿ ಮುದ್ರಿಸಿದ್ದ ‘ಯೂ ಆರ್ ದ ಬಾಸ್’ ಚಿತ್ರದಲ್ಲಿ ಇಲ್ಲವೇ ಇಲ್ಲ, ದಶಕಗಳ ಕಾಲ ಅದು ಹೊರಗೇ ಬರಲಿಲ್ಲ. ಆದರೂ ವಿಶ್ವವಿದ್ಯಾಲಯದ ಜಿಮ್ನೇಷಿಯಂನಲ್ಲಿ ನಡೆಯುವ ‘ಕಮಾನ್ ಎವ್ರಿಬಡಿ’ ನೋಡಿದರೆ ಪಾರ್ಕರ್ ಎಷ್ಟು ತಪ್ಪು ತಿಳಿದಿದ್ದ ಅಂತ ಗೊತ್ತಾಗುತ್ತದೆ. ಅವಳು ಕುಣಿತದಲ್ಲಿ ಸವಾಲು ಹಾಕಿದಷ್ಟೂ ಎಲ್ವಿಸ್‌ಗೆ ಹುರುಪು ಏರುತ್ತದೆ. ಉಳಿದ ಬಹಳಷ್ಟು ಚಿತ್ರಗಳಲ್ಲಿ ನಾಯಕಿ ಅವನನ್ನು ನೋಡಿ ನಗುತ್ತ ಕೂರುತ್ತಾಳೆ, ಅವನೂ ಅರೆನಿದ್ದೆಯಲ್ಲಿ ಹಾಡುತ್ತಾನೆ. ಸರಿಜೋಡಿ ಸಿಕ್ಕಾಗ ಅವನೇ ಬೇರೆ ನಟ. ಗಾಯಕ ರೇ ಚಾರ್ಲ್ಸನ ‘ವಾಟ್ಡ್ ಐ ಸೇ’ ಹಾಡಿಗೆ ಇಬ್ಬರೂ ಕುಣಿಯುವಾಗಲೂ ಇದೇ ಕಥೆ.

ಹಾಸ್ಯದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕೌಂಟ್ ಮತ್ತು ರಸ್ಟಿಯ ಊಟಕ್ಕೆ ಲಕ್ಕಿ ಮಾಣಿಯಾಗಿ ಬಂದು ಎಲ್ಲವನ್ನೂ ಕೆಡಿಸುವ ದೃಶ್ಯ ಚೆನ್ನಾಗಿದೆ. ಉಳಿದದ್ದು ಸಾಧಾರಣ.

ನಿಜವಾದ ದೋಷಗಳು ಬೇರೆ ಕಡೆ ಇವೆ, ಅವನ್ನು ಮುಚ್ಚಿಡಬೇಡ. ರೇಸಿನ ಹತ್ತಿರದ ಶಾಟುಗಳಲ್ಲಿ ನಟರು ಸ್ಟುಡಿಯೋದಲ್ಲಿ ಕೂತಿದ್ದಾರೆ. ಮೊದಲೇ ತೆಗೆದ ರಸ್ತೆಯ ಫಿಲ್ಮನ್ನು ಹಿಂದಿನಿಂದ ತೆಳು ಪರದೆಯ ಮೇಲೆ ಬಿಟ್ಟು, ಮುಂದೆ ನಟನನ್ನು ಕೂರಿಸಿ ಮತ್ತೆ ಚಿತ್ರೀಕರಿಸುವ ವಿಧಾನ ಅದು. ಹಿನ್ನೆಲೆ ಎರಡು ಸಲ ಫಿಲ್ಮಿಗೆ ಬಿದ್ದದ್ದರಿಂದ ಮಂಕು, ಕಾಳು ಕಾಳು. ರಸ್ತೆಯ ಮೇಲೆ ಬಿಸಿಲು ಒಂದು ಕಡೆಯಿಂದ ಬಿದ್ದರೆ ಅವನ ಮುಖಕ್ಕೆ ದೀಪ ಇನ್ನೊಂದು ಕಡೆಯಿಂದ. ದೂರದ ಶಾಟುಗಳಲ್ಲಿ ನಿಜವಾದ ಕಾರು ನಿಜವಾದ ಮರುಭೂಮಿಯಲ್ಲಿ ಓಡುವುದರಿಂದ ಎರಡೂ ಪಕ್ಕಪಕ್ಕ ಬಂದಾಗ ಕಣ್ಣು ಮೋಸಹೋಗುವುದಿಲ್ಲ. ಎರಡನೆಯ ದೋಷ ಕೊನೆ. ರೇಸು ಮುಗಿಯಿತು ಅನ್ನುವಷ್ಟರಲ್ಲಿ ಮದುವೆ. ಇಬ್ಬರ ನಡುವೆ ಇದ್ದ ಜಗಳ, ಅಂದರೆ ಅವನ ರೇಸಿನ ಹುಚ್ಚು ಅವಳಿಗೆ ಹಿಡಿಸದಿದ್ದದ್ದು, ಅದಕ್ಕೆ ಉತ್ತರವೇ ಸಿಗುವುದಿಲ್ಲ. ಮೂರನೆಯದು ಮೊದಲ ಭೇಟಿ. ಕಾರಿನ ಕೆಳಗೆ ಮಲಗಿದ ಇಬ್ಬರು ಗಂಡಸರಿಗೆ ಮೊದಲು ಅವಳ ಕಾಲು ಕಾಣುತ್ತದೆ, ಕ್ಯಾಮೆರಾವೂ ಅಲ್ಲೇ ನಿಲ್ಲುತ್ತದೆ. ಇವತ್ತಿನ ಹುಡುಗಿಯರು ಇದಕ್ಕೆ ಸಿಟ್ಟಾದರೆ ಅದು ನ್ಯಾಯವೇ. ಆ ಕಾಲದಲ್ಲಿ ಹಾಗಿತ್ತು ಅಂತ ಬಾಯಿ ಮುಚ್ಚಿಸಬೇಡ, ಮಾತಾಡಲು ಬಿಡು.

ರೆಕಾರ್ಡಿನ ವಿಷಯ ಯಾರಾದರೂ ಕೇಳಿಯೇ ಕೇಳುತ್ತಾರೆ. ಇಷ್ಟು ಹಾಡಿದ್ದರೂ 1964ರಲ್ಲಿ ಇದಕ್ಕೆ ಎಲ್‌ಪಿ ಬರಲಿಲ್ಲ, ನಾಲ್ಕು ಹಾಡಿನ ಚಿಕ್ಕ ರೆಕಾರ್ಡು, ಅಂದರೆ ಇಪಿ, ಮಾತ್ರ ಬಂತು. ಶೀರ್ಷಿಕೆ ಗೀತೆ ಬದಿಗೊಂದೇ ಹಾಡಿರುವ ಸಿಂಗಲ್ ರೆಕಾರ್ಡಿನ ಒಂದು ಬದಿಯಲ್ಲಿತ್ತು, ಇನ್ನೊಂದು ಬದಿಗೆ ‘ವಾಟ್ಡ್ ಐ ಸೇ’. ಬಿಲ್‌ಬೋರ್ಡಿನಲ್ಲಿ ಶೀರ್ಷಿಕೆ ಗೀತೆ 29ಕ್ಕೆ, ‘ವಾಟ್ಡ್ ಐ ಸೇ’ 21ಕ್ಕೆ ನಿಂತವು. ಇವತ್ತು ಆ ಊರಿನ ಹೆಸರು ಹೇಳಿದರೆ ನಾಲಿಗೆಗೆ ಬರುವ ಹಾಡಿಗೆ ಆಗ ಸಿಕ್ಕ ಸ್ಥಾನ ಅಷ್ಟೇ. ಇಂಗ್ಲೆಂಡಿನ ಪಾಪ್ ತಂಡ ಬೀಟಲ್ಸ್ ಅಮೆರಿಕಕ್ಕೆ ಕಾಲಿಟ್ಟದ್ದೂ ಅದೇ ವರ್ಷದ ಫೆಬ್ರವರಿ. ಜುಲೈನಲ್ಲಿ ರಿಚರ್ಡ್ ಲೆಸ್ಟರ್ ಅವರನ್ನಿಟ್ಟು ಕಪ್ಪು-ಬಿಳುಪಿನಲ್ಲಿ ತೆಗೆದ ‘ಎ ಹಾರ್ಡ್ ಡೇಸ್ ನೈಟ್’ ಬಂತು. ಪಾಪ್ ಗಾಯಕರ ಚಿತ್ರ ಹೇಗಿರಬೇಕು ಅನ್ನುವ ಕಲ್ಪನೆಯೇ ಬದಲಾಯಿತು. ನಿಮಗೆ ಇನ್ನೊಂದು ಸಂಜೆ ಸಿಕ್ಕಿದರೆ ಅದನ್ನೇ ಹಾಕು, ಎರಡನ್ನೂ ಒಂದೇ ದಿನ ಬೇಡ.

ಈಗ ತೋರಿಸುವ ಕೆಲಸ. ಅಭಿಪ್ರಾಯ ಹಾಳಾಗುವುದು ಹೆಚ್ಚಾಗಿ ಇಲ್ಲೇ. ಚಿತ್ರ ಪ್ಯಾನಾವಿಷನ್ ಅನ್ನುವ ಅಗಲ ಪರದೆಯ ವಿಧಾನದ್ದು, ಎತ್ತರ 1 ಆದರೆ ಅಗಲ 2.35. ನಿಮ್ಮ ಪರದೆ 8 ಅಡಿ ಅಗಲವಿದ್ದರೆ ಚಿತ್ರದ ಎತ್ತರ ಸುಮಾರು 3.4 ಅಡಿ. ಈಗಿನ ಟಿವಿಗಳಂತೆ 16:9 ಪರದೆಯಾದರೆ ಮೇಲೆ ಕೆಳಗೆ ಅರ್ಧರ್ಧ ಅಡಿ ಕಪ್ಪು ಪಟ್ಟಿ ಬರುತ್ತದೆ. ಹಳೆಯ 4:3 ಪರದೆಯಾದರೆ ಮೇಲೊಂದು ಕೆಳಗೊಂದು 1.3 ಅಡಿಯ ಪಟ್ಟಿ. ಯಾರಾದರೂ ರಿಮೋಟ್ ತೆಗೆದು ಜೂಮ್ ಒತ್ತಿ ಪರದೆ ತುಂಬಿಸಲು ಹೊರಡುತ್ತಾರೆ, ಬಿಡಬೇಡ. 16:9ಗೆ ಜೂಮ್ ಮಾಡಿದರೆ ಅಗಲದಲ್ಲಿ ಕಾಲು ಭಾಗದ ಹತ್ತಿರ ಹೋಗುತ್ತದೆ. ಹಿಂದೆ ಟಿವಿಗಾಗಿ 4:3ಕ್ಕೆ ಕತ್ತರಿಸುತ್ತಿದ್ದ ಪ್ರತಿಗಳಲ್ಲಂತೂ ಶೇ. 43ರಷ್ಟು ಮಾಯ. ಇಬ್ಬರು ಎದುರುಬದುರು ಕುಣಿಯುವ ಶಾಟಿನಲ್ಲಿ ಒಬ್ಬರು ಹೊರಗೆ ಬೀಳುತ್ತಾರೆ, ಉಳಿದವರು ಗಾಳಿಗೆ ಕುಣಿದಂತೆ ಕಾಣುತ್ತಾರೆ. ‘ಕುಣಿತದಲ್ಲಿ ಏನಿಲ್ಲ’ ಅನ್ನುವ ಅಭಿಪ್ರಾಯ ಬಂದರೆ ಅವರು ಹಿಂದೆ ಯಾವ ಪ್ರತಿ ನೋಡಿದ್ದರು ಅಂತ ಮೊದಲು ಕೇಳು. ಪ್ಲೇಯರಿನಲ್ಲಿ ‘ಸ್ಟ್ರೆಚ್’ ಬೇಡ, ಮೂಲ ಅನುಪಾತಕ್ಕೆ ಇಡು. ಜನ ಬರುವ ಮುಂಚೆ ಶೀರ್ಷಿಕೆ ಪಟ್ಟಿ ಬಿಟ್ಟು ನೋಡು. ಎರಡೂ ತುದಿಯ ಅಕ್ಷರಗಳು ಪೂರ್ತಿ ಕಂಡರೆ ಸರಿ.

ಸಬ್‌ಟೈಟಲ್ ಹಾಡುಗಳಿಗೂ ಇದೆಯೇ ಅಂತ ನೋಡಿಕೊ. ಕೆಲವು ಫೈಲುಗಳಲ್ಲಿ ಮಾತಿಗೆ ಮಾತ್ರ ಇರುತ್ತದೆ, ಹಾಡು ಬಂದಾಗ ಪರದೆ ಖಾಲಿ. ಕೊಳದ ಹಾಡಿನ ಜಗಳ ಸಾಲು ಸಾಲಾಗಿ ಅರ್ಥವಾಗದಿದ್ದರೆ ಅವಳು ಅವನನ್ನು ಯಾಕೆ ನೂಕಿದಳು ಅಂತಲೇ ತಿಳಿಯುವುದಿಲ್ಲ. ಫೈಲು ಸಿಗದಿದ್ದರೆ ಆ ಒಂದು ಹಾಡಿನ ಸಾರಾಂಶವನ್ನು ಕನ್ನಡದಲ್ಲಿ ಅರ್ಧ ಪುಟ ಬರೆದು ಹಂಚು.

ಮುಗಿದ ಮೇಲೆ ‘ಹೇಗಿತ್ತು?’ ಅಂತ ಕೇಳಬೇಡ, ಚೆನ್ನಾಗಿತ್ತು ಅಂತ ಹೇಳಿ ಎದ್ದು ಹೋಗುತ್ತಾರೆ. ಚೀಟಿ ಕೊಟ್ಟು ಮೂರು ಪ್ರಶ್ನೆ ಕೇಳು: ಯಾವ ಹಾಡು ತೆಗೆದರೆ ಕಥೆ ನಿಲ್ಲುತ್ತದೆ, ಯಾವುದನ್ನು ತೆಗೆದರೆ ಗೊತ್ತೇ ಆಗುವುದಿಲ್ಲ, ಎಲ್ವಿಸ್ ಯಾವ ದೃಶ್ಯದಲ್ಲಿ ನಿಜವಾಗಿ ಖುಷಿಯಲ್ಲಿದ್ದಾನೆ. ಹೆಸರು ಬರೆಸಬೇಡ, ಐದು ನಿಮಿಷಕ್ಕೆ ಚೀಟಿ ವಾಪಸ್ ತೆಗೆದುಕೊ, ಆಮೇಲೆ ಮಾತಿಗೆ ಬಿಡು. ಮೊದಲೇ ಮಾತಿಗೆ ಬಿಟ್ಟರೆ ಜೋರು ಗಂಟಲಿನವರ ಅಭಿಪ್ರಾಯವೇ ಎಲ್ಲರದಾಗಿಬಿಡುತ್ತದೆ. ಎರಡನೆಯ ಪ್ರಶ್ನೆಗೆ ಹೆಚ್ಚು ಜನ ‘ಟುಡೇ, ಟುಮಾರೋ ಅಂಡ್ ಫಾರೆವರ್’ ಬರೆಯುತ್ತಾರೆ ಅಂತ ನನ್ನ ಊಹೆ. ಅದರ ರಾಗ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತಗಾರ ಲಿಸ್ಟ್‌ನ ಪಿಯಾನೋ ಕೃತಿ ‘ಲೀಬೆಸ್‌ಟ್ರೌಮ್’ನಿಂದ ಎತ್ತಿದ್ದು, ಕೇಳಲು ಇಂಪು, ಕಥೆಗೆ ಮಾತ್ರ ಏನೂ ಮಾಡುವುದಿಲ್ಲ. ಚೀಟಿಗಳ ಫೋಟೋ ತೆಗೆದು ಕಳಿಸು, ನನ್ನ ಊಹೆ ಎಷ್ಟು ಸರಿ ಅಂತ ನೋಡೋಣ.

ಇಂತಿ ನಿನ್ನ,
ರಘು