ಗೆರೆ ಏನು ಹೇಳುತ್ತದೆ ಅಂತ ಮೊದಲು ಕನ್ನಡದಲ್ಲಿ ಕೇಳಿ

ಮಾನ್ಯ ಸಂಪಾದಕರೇ,

ನಿಮ್ಮ ಶಿಕ್ಷಣ ಪುಟದಲ್ಲಿ, ವಿದೇಶಕ್ಕೆ ಓದಲು, ಕೆಲಸಕ್ಕೆ ಹೋಗುವವರ ಇಂಗ್ಲಿಷ್ ಅಳೆಯುವ ಐಇಎಲ್‌ಟಿಎಸ್ ಪರೀಕ್ಷೆ ಬರೆಯುವವರಿಗೆ ಆಗಾಗ ಸಲಹೆಗಳು ಬರುತ್ತವೆ. ಒಳ್ಳೆಯ ಕೆಲಸ. ಆದರೆ ಗ್ರಾಫ್ ನೋಡಿ ಬರೆಯುವ ಪ್ರಶ್ನೆ ಬಂದಾಗ ಮಾತ್ರ ಸಲಹೆ ಎಲ್ಲಾ ಪದಗಳ ಪಟ್ಟಿಯಾಗಿಬಿಡುತ್ತದೆ. ಏರಿದರೆ ಈ ಹತ್ತು ಪದ, ಇಳಿದರೆ ಈ ಹತ್ತು ಪದ, ಬಾಯಿಪಾಠ ಮಾಡಿ ಅಂತ. ಹಲವು ವರ್ಷಗಳಿಂದ ಈ ಪರೀಕ್ಷೆಗೆ ಹೇಳಿಕೊಡುತ್ತಾ, ಉತ್ತರ ತಿದ್ದುತ್ತಾ ಬಂದವನು ನಾನು. ಮಕ್ಕಳು ಅಂಕ ಕಳೆದುಕೊಳ್ಳುವುದು ಪದ ಗೊತ್ತಿಲ್ಲದೆ ಅಲ್ಲ, ಗೆರೆ ಓದಲು ಬಾರದೆ. ಅದಕ್ಕೇ ಈ ಪತ್ರ.

ಮೊನ್ನೆ ಒಬ್ಬ ಹುಡುಗಿಯ ಉತ್ತರ ನೋಡಿದೆ. ನಿರುದ್ಯೋಗ ದರ ಶೇ 4ರಿಂದ ಶೇ 5ಕ್ಕೆ ಬಂದಿತ್ತು. ಅವಳು ‘ಸ್ಕೈರಾಕೆಟೆಡ್’, ಅಂದರೆ ರಾಕೆಟ್ ಹಾಗೆ ಮೇಲಕ್ಕೆ ಹಾರಿತು, ಅಂತ ಬರೆದಿದ್ದಳು. ಯಾಕಮ್ಮಾ ಅಂದರೆ, ಆ ಪದ ಹಾಕಿದರೆ ಬ್ಯಾಂಡ್, ಅಂದರೆ ಅಂಕ, ಜಾಸ್ತಿ ಬರುತ್ತದಂತೆ, ಕೋಚಿಂಗ್‌ನಲ್ಲಿ ಹೇಳಿದರಂತೆ. ಜಾಣ ಹುಡುಗಿ. ಅದೇ ಚಿತ್ರವನ್ನು ಕನ್ನಡದಲ್ಲಿ ಹೇಳು ಅಂದಾಗ ‘ಸ್ವಲ್ಪ ಏರಿದೆ ಸಾರ್, ಅಷ್ಟೇ’ ಅಂದಳು. ಕನ್ನಡದಲ್ಲಿ ಸರಿಯಾಗಿ ಕಂಡದ್ದು ಇಂಗ್ಲಿಷಿಗೆ ಹೋಗುವಾಗ ಸುಳ್ಳಾಗಿತ್ತು.

ಈ ಪರೀಕ್ಷೆಯ ‘ಅಕಾಡೆಮಿಕ್’ ಅನ್ನುವ ಬಗೆಯಲ್ಲಿ ಬರವಣಿಗೆಗೆ 60 ನಿಮಿಷ. ಗ್ರಾಫ್ ಬರುವ ಮೊದಲ ಪ್ರಶ್ನೆಗೆ ಸುಮಾರು 20 ನಿಮಿಷ ಇಟ್ಟುಕೊಳ್ಳಬೇಕು, ಕನಿಷ್ಠ 150 ಪದ ಬರೆಯಬೇಕು. ಎರಡನೆಯದಕ್ಕೆ 40 ನಿಮಿಷ, 250 ಪದ, ತೂಕವೂ ಎರಡರಷ್ಟು. ಅಂಕ ಕೊಡುವುದು ನಾಲ್ಕು ವಿಷಯ ನೋಡಿ: ಕೇಳಿದ್ದನ್ನು ಹೇಳಿದ್ದಾರಾ, ಮಾತು ಒಂದಕ್ಕೊಂದು ಕೂಡಿಕೊಂಡಿದೆಯಾ, ಪದಗಳು, ವ್ಯಾಕರಣ. ನಾಲ್ಕಕ್ಕೂ ಸಮ ಪಾಲು. ಅಂದರೆ ಪದಗಳದ್ದು ಕಾಲು ಭಾಗ ಮಾತ್ರ, ಅದೂ ಸರಿಯಾದ ಜಾಗದಲ್ಲಿ ಸರಿಯಾದ ಪದ ಕೂತಿದ್ದರೆ.

ನಾನು ಪಾಠಕ್ಕೆ ಇಟ್ಟುಕೊಂಡಿರುವುದು ಐರ್ಲೆಂಡಿನ ಚಿತ್ರ. ಒಂದು ಗೆರೆ ನಿರುದ್ಯೋಗದ್ದು, ಇನ್ನೊಂದು ದೇಶ ಬಿಟ್ಟು ಹೋದವರದ್ದು. 1980ರ ದಶಕದ ಕೊನೆಯಲ್ಲಿ ಎರಡೂ ಮೇಲಿದ್ದವು. ನಿರುದ್ಯೋಗ ಶೇ 15ರ ಆಸುಪಾಸು, 1989ರ ಏಪ್ರಿಲ್‌ಗೆ ಮುಗಿದ ಒಂದೇ ವರ್ಷದಲ್ಲಿ ಸುಮಾರು 70 ಸಾವಿರ ಜನ ಹೊರಟುಹೋಗಿದ್ದರು. ಆಮೇಲೆ 90ರ ದಶಕದ ನಡುವಿನಿಂದ ‘ಸೆಲ್ಟಿಕ್ ಟೈಗರ್’ ಅಂತ ಕರೆದ ಬೆಳವಣಿಗೆಯ ಕಾಲ ಬಂತು, 2001ರ ಹೊತ್ತಿಗೆ ನಿರುದ್ಯೋಗ ಶೇ 4ರ ಹತ್ತಿರಕ್ಕೆ ಇಳಿಯಿತು, ಹೋಗುವವರೂ ವರ್ಷಕ್ಕೆ 30 ಸಾವಿರದ ಒಳಗೇ ಬಂದರು. 2008ರಲ್ಲಿ ಮನೆ ಕಟ್ಟುವ ಉದ್ಯಮ, ಬ್ಯಾಂಕುಗಳು ಒಟ್ಟಿಗೇ ಕುಸಿದವು. 2012ರ ಹೊತ್ತಿಗೆ ನಿರುದ್ಯೋಗ ಮತ್ತೆ ಶೇ 15ರ ಸುತ್ತ, ದೇಶ ಬಿಟ್ಟವರು ವರ್ಷಕ್ಕೆ 80 ಸಾವಿರಕ್ಕೂ ಜಾಸ್ತಿ. 2019ರಲ್ಲಿ ನಿರುದ್ಯೋಗ ಮತ್ತೆ ಶೇ 5ಕ್ಕೆ.

ಈ ಚಿತ್ರ ಮುಂದಿಟ್ಟರೆ ಸಾಮಾನ್ಯವಾಗಿ ಆಗುವ ತಪ್ಪುಗಳು ನಾನು ಹೇಳುವ ಮೊದಲೇ ಹಾಳೆಯ ಮೇಲೆ ಬಂದಿರುತ್ತವೆ.

ಎಡಗಡೆ ಅಳತೆ ಶೇಕಡಾದಲ್ಲಿ, ಬಲಗಡೆ ಸಾವಿರಗಳಲ್ಲಿ. ಎರಡು ಗೆರೆ ಎಲ್ಲೋ ಒಂದು ಕಡೆ ಒಂದನ್ನೊಂದು ದಾಟುತ್ತವೆ. ತಕ್ಷಣ ‘ಈ ವರ್ಷ ವಲಸೆ ನಿರುದ್ಯೋಗವನ್ನು ಮೀರಿಸಿತು’ ಅಂತ ಬರೆಯುತ್ತಾರೆ. ಶೇಕಡಾವನ್ನು ತಲೆ ಎಣಿಕೆ ಮೀರಿಸುವುದು ಹೇಗೆ? ಬಲಗಡೆಯ ಅಳತೆಯನ್ನು ಸ್ವಲ್ಪ ಹಿಗ್ಗಿಸಿ ಬರೆದರೆ ಆ ಗೆರೆಗಳು ಬೇರೆಲ್ಲೋ ದಾಟುತ್ತವೆ, ಇಲ್ಲವೇ ದಾಟುವುದೇ ಇಲ್ಲ. ಇದು ಇಂಗ್ಲಿಷಿನ ತಪ್ಪು ಅಲ್ಲ, ಅಲ್ವಾ?

ಇನ್ನು ಶೇ 15 ಅಂದರೆ ದೇಶದ ನೂರು ಜನರಲ್ಲಿ 15 ಜನ ಅಂದುಕೊಳ್ಳುತ್ತಾರೆ. ಅಲ್ಲ. ಕೆಲಸದಲ್ಲಿ ಇರುವವರು ಮತ್ತು ಕೆಲಸ ಹುಡುಕುತ್ತಿರುವವರು, ಇವರಿಬ್ಬರನ್ನೂ ಸೇರಿಸಿದ ಗುಂಪಿನಲ್ಲಿ ನೂರಕ್ಕೆ ಎಷ್ಟು ಜನ ಕೆಲಸ ಇಲ್ಲದೆ ಹುಡುಕುತ್ತಿದ್ದಾರೆ ಅನ್ನುವ ಲೆಕ್ಕ ಅದು. ಬರೀ ಓದಿಕೊಂಡಿರುವವರು, ನಿವೃತ್ತಿಯಾದವರು, ಹುಡುಕುವುದನ್ನೇ ಬಿಟ್ಟವರು ಅದರಲ್ಲಿ ಸೇರುವುದಿಲ್ಲ.

‘ವಲಸೆ’ ಅನ್ನುವ ನಮ್ಮ ಪದವೂ ಇಲ್ಲಿ ಸ್ವಲ್ಪ ತೊಂದರೆ ಕೊಡುತ್ತದೆ. ಬಂದರೂ ವಲಸೆ, ಹೋದರೂ ವಲಸೆ. ಹಾಗಾಗಿ ಎಮಿಗ್ರೇಷನ್, ಇಮಿಗ್ರೇಷನ್ ಎರಡೂ ಕಲಸಿಹೋಗುತ್ತವೆ. ಹೊರವಲಸೆ, ಒಳವಲಸೆ ಅಂತ ಮೊದಲೇ ಬಿಡಿಸಿ ಹೇಳಿಕೊಂಡರೆ ಗೊಂದಲ ಹೋಗುತ್ತದೆ. ಬಂದವರಲ್ಲಿ ಹೋದವರನ್ನು ಕಳೆದರೆ ನಿವ್ವಳ ವಲಸೆ. 2007ರಲ್ಲಿ ಐರ್ಲೆಂಡಿನಿಂದ 40 ಸಾವಿರಕ್ಕೂ ಜಾಸ್ತಿ ಜನ ಹೋಗಿದ್ದಾರೆ, ಆದರೆ ಬಂದವರು ಅದರ ಎರಡರಷ್ಟಕ್ಕಿಂತ ಜಾಸ್ತಿ. ಹೊರವಲಸೆಯ ಗೆರೆ ಒಂದನ್ನೇ ನೋಡಿ ‘ದೇಶ ಖಾಲಿಯಾಗುತ್ತಿತ್ತು’ ಅಂತ ಬರೆದರೆ ಪೂರ್ತಿ ಉಲ್ಟಾ.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಕಾರಣ ಕಟ್ಟುವ ಚಟ. ಪ್ರಶ್ನೆಯಲ್ಲಿ ಕೇಳಿರುವುದು ಚಿತ್ರದಲ್ಲಿ ಇರುವ ಮುಖ್ಯ ವಿಷಯ ಹೇಳಿ, ಹೋಲಿಸಬೇಕಾದಲ್ಲಿ ಹೋಲಿಸಿ ಅಂತ ಮಾತ್ರ. ಆದರೂ ಎರಡು ಗೆರೆ ಒಟ್ಟಿಗೆ ಏರಿದ ಕೂಡಲೇ ‘ಕೆಲಸ ಸಿಗದೆ ಐರಿಷ್ ಯುವಕರು ದೇಶ ಬಿಟ್ಟರು’ ಅಂತ ಬರೆದುಬಿಡುತ್ತಾರೆ. ಕೇಳಲು ಸರಿಯಾಗಿಯೇ ಇದೆ. ಆದರೆ ಹೊರವಲಸೆಯ ಗೆರೆಯಲ್ಲಿ ಇರುವವರೆಲ್ಲ ಐರಿಷರು ಅಂತ ಚಿತ್ರದಲ್ಲಿ ಎಲ್ಲಿ ಬರೆದಿದೆ? 2004ರ ಮೇ ತಿಂಗಳಲ್ಲಿ ಯುರೋಪಿಯನ್ ಒಕ್ಕೂಟಕ್ಕೆ 10 ದೇಶಗಳು ಸೇರಿದವು. ಅಲ್ಲಿನವರಿಗೆ ತಕ್ಷಣವೇ ಕೆಲಸದ ಬಾಗಿಲು ತೆರೆದದ್ದು ಐರ್ಲೆಂಡ್, ಬ್ರಿಟನ್, ಸ್ವೀಡನ್ ಮೂರೇ. ಪೋಲೆಂಡ್, ಲಿಥುವೇನಿಯಾ ಮುಂತಾದ ಕಡೆಯಿಂದ ಬಹಳ ಜನ ಐರ್ಲೆಂಡಿಗೆ ಬಂದರು. ಕುಸಿತ ಬಂದಾಗ ಮೊದಲು ಕೆಲಸ ಕಳೆದುಕೊಂಡವರಲ್ಲಿ ಅವರೂ ಇದ್ದರು, ಎಷ್ಟೋ ಜನ ವಾಪಸ್ ಹೊರಟರು. 2009ರಲ್ಲಿ ದೇಶ ಬಿಟ್ಟವರಲ್ಲಿ ಐರಿಷರಿಗಿಂತ ಹೊಸದಾಗಿ ಒಕ್ಕೂಟ ಸೇರಿದ ದೇಶಗಳ ಜನರೇ ಜಾಸ್ತಿ. ಐರಿಷರು ದೊಡ್ಡ ಸಂಖ್ಯೆಯಲ್ಲಿ ಬ್ರಿಟನ್, ಆಸ್ಟ್ರೇಲಿಯಾ, ಕೆನಡಾ ಕಡೆ ಹೋದದ್ದು ಅದರ ನಂತರ. ಎಷ್ಟು ಸಂಸಾರಗಳ ಬದುಕು ಆ ಒಂದು ಗೆರೆಯೊಳಗೆ ಇದೆ ನೋಡಿ. ಗೆರೆ ಅದನ್ನು ಹೇಳುವುದಿಲ್ಲ. ಹೇಳದ್ದನ್ನು ಅದರ ಬಾಯಲ್ಲಿ ಹಾಕಬಾರದು.

ಇನ್ನೊಂದು ವಿಷಯ. ಕೆಲಸ ಇಲ್ಲದವನು ಊರು ಬಿಟ್ಟರೆ ಅವನ ಹೆಸರು ನಿರುದ್ಯೋಗಿಗಳ ಲೆಕ್ಕದಿಂದಲೂ ಹೋಗುತ್ತದೆ. ಅಂದರೆ ನಿರುದ್ಯೋಗ ಇಳಿದದ್ದರಲ್ಲಿ ಒಂದಿಷ್ಟು ಪಾಲು ಹೊರವಲಸೆಯದ್ದೇ ಇರಬಹುದು. ಯಾವುದು ಯಾವುದಕ್ಕೆ ಕಾರಣ ಅನ್ನುವುದು 150 ಪದಗಳಲ್ಲಿ ಮುಗಿಯುವ ಮಾತಲ್ಲ, ಅದಕ್ಕೇ ಪರೀಕ್ಷೆಯವರೂ ಕೇಳುವುದಿಲ್ಲ.

ಇಂಗ್ಲಿಷ್ ಬರುವುದಿಲ್ಲ ಅಂತ ಹೆದರುವವರಿಗೆ ನಾನು ಹೇಳುವುದು ಇಷ್ಟು. ಈ ಪ್ರಶ್ನೆಗೆ ಬೇಕಾದ ಸೂಕ್ಷ್ಮ ನಿಮ್ಮ ಕನ್ನಡದಲ್ಲೇ ಇದೆ. ‘12ಕ್ಕೆ ಏರಿತು’, ‘8ರಷ್ಟು ಏರಿತು’, ‘12ರಲ್ಲಿ ನಿಂತಿತು’. ಈ ಮೂರರ ವ್ಯತ್ಯಾಸ ಯಾರಿಗೂ ಹೇಳಿಕೊಡಬೇಕಿಲ್ಲ. ಇಂಗ್ಲಿಷಿನಲ್ಲಿ ಅದೇ ‘ಟು’, ‘ಬೈ’, ‘ಅಟ್’. ‘ಕ್ಕೆ’ ಇದ್ದರೆ ‘ಟು’, ‘ರಷ್ಟು’ ಇದ್ದರೆ ‘ಬೈ’ ಅಂದುಕೊಂಡರೆ ಅರ್ಧ ತಪ್ಪು ಅಲ್ಲೇ ಹೋಗುತ್ತದೆ. ಶೇ 4ರಿಂದ ಶೇ 12ಕ್ಕೆ ಬಂದರೆ ಏರಿಕೆ ಶೇ 8 ಅಲ್ಲ, 8 ಪರ್ಸೆಂಟೇಜ್ ಪಾಯಿಂಟ್. ಶೇಕಡಾ ಲೆಕ್ಕದಲ್ಲಿ ಹೇಳುವುದಾದರೆ ಅದು ಶೇ 200ರಷ್ಟು ಏರಿಕೆ, ಅಂದರೆ ಮೂರು ಪಟ್ಟಾಗಿದೆ. ಬೇಸರ ಮಾಡಿಕೊಳ್ಳಬೇಡಿ, ಈ ವಿಷಯದಲ್ಲಿ ನಮ್ಮ ಪತ್ರಿಕೆಗಳ ಸುದ್ದಿಗಳಲ್ಲೂ ಆಗಾಗ ಎಡವಟ್ಟಾಗುತ್ತದೆ. ಓದುವ ಮಕ್ಕಳು ಅದನ್ನೇ ಕಲಿಯುತ್ತಾರೆ.

ನನ್ನ ಕೋರಿಕೆ ಏನೆಂದರೆ, ಶಿಕ್ಷಣ ಪುಟದಲ್ಲಿ ವಾರಕ್ಕೊಂದು ಗ್ರಾಫ್ ಹಾಕಿ. ಅಳತೆ ಯಾವುದು, ಯಾವ ವರ್ಷದಿಂದ ಯಾವ ವರ್ಷದವರೆಗೆ, ಒಟ್ಟಾರೆ ಏನಾಗಿದೆ ಅನ್ನುವುದನ್ನು ಮೊದಲು ನಾಲ್ಕು ಸಾಲು ಕನ್ನಡದಲ್ಲಿ ಬರೆಯಿರಿ. ‘ಎರಡೂ ಇಳಿದವು, 2008ರ ನಂತರ ಎರಡೂ ಏರಿದವು, ಕೊನೆಗೆ ನಿರುದ್ಯೋಗ ಮತ್ತೆ ಇಳಿಯಿತು’ ಅನ್ನುವ ಒಂದು ಸಾಲೇ ಇಂಗ್ಲಿಷಿಗೆ ಹೋದಾಗ ಉತ್ತರದಲ್ಲಿ ಇರಬೇಕಾದ ಒಟ್ಟು ನೋಟ, ಅಂದರೆ ಓವರ್‌ವ್ಯೂ ಆಗುತ್ತದೆ. ಎಷ್ಟೋ ಉತ್ತರಗಳಲ್ಲಿ ಅದೇ ಇರುವುದಿಲ್ಲ, ಬರೀ ಒಂದೊಂದು ವರ್ಷದ ಅಂಕಿ ಪಟ್ಟಿ ಮಾಡಿರುತ್ತಾರೆ. ಆ ಕನ್ನಡದ ಕೆಳಗೆ ಸರಳವಾದ ಇಂಗ್ಲಿಷ್ ಉತ್ತರ ಕೊಡಿ. ‘ರೋಸ್’, ‘ಫೆಲ್’ ಇದ್ದರೆ ಸಾಕು, ರಾಕೆಟ್ ಬೇಡ. ಬೇಕಿದ್ದರೆ ಮೊದಲ ನಾಲ್ಕು ವಾರದ ಗ್ರಾಫ್‌ಗಳನ್ನು, ಮಕ್ಕಳು ಮಾಡಿದ ತಪ್ಪುಗಳ ಸಮೇತ, ನಾನೇ ಬರೆದು ಕಳಿಸುತ್ತೇನೆ. ಇದಕ್ಕೆ ಸಂಭಾವನೆ ಬೇಡ.

ವಿಶ್ವಾಸದಿಂದ,
ಒಬ್ಬ ಇಂಗ್ಲಿಷ್ ಮೇಷ್ಟ್ರು