ಒಂಟಿ ಕಾಲಲ್ಲಿ ನಿಂತು ನಾಯಿ ನೋಡಿದವಳಿಗೆ

ಪ್ರೀತಿಯ ಹುಡುಗಿ,

ನಿನ್ನ ಮ್ಯಾಡ್ರಿಡ್ ಲೇಖನ ಎರಡು ಸಲ ಓದ್ದೆ. ಪತ್ರಿಕೆಯವರು ವಾಪಸ್ ಕಳಿಸಿದ್ರು, ಇನ್ಮೇಲೆ ಬರೆಯೋದೇ ಬೇಡ ಅನ್ಸಿದೆ ಮೇಷ್ಟ್ರೇ ಅಂತ ಕೊನೇಲಿ ಬರ್ದಿದೀಯಲ್ಲ, ಅದನ್ನ ಓದಿ ರಾತ್ರಿ ನಿದ್ದೆ ಹತ್ಲಿಲ್ಲ ಕಣಮ್ಮಾ. ಕಾಗುಣಿತ, ಉದ್ದ, ಎಲ್ಲಿಗೆ ಕಳಿಸ್ಬೇಕು ಇದೆಲ್ಲ ಬಿಡು, ಯಾರ್ ಬೇಕಾದ್ರೂ ಹೇಳ್ಕೊಡ್ತಾರೆ.

ಎರಡು ದಿನ, ಒಬ್ಳೇ, ಬೆನ್ನಿಗೊಂದು ಬ್ಯಾಗು. ಇಷ್ಟು ಆಸೆಪಟ್ಟು ಹೋದವಳು ಹನ್ನೆರಡು ಪುಟದಲ್ಲಿ ಹನ್ನೊಂದು ಪುಟ ಬೇರೆಯವರ ಕಣ್ಣಲ್ಲಿ ನೋಡಿ ಬರ್ದಿದೀಯ. ಪ್ರಾಡೋ ಮ್ಯೂಸಿಯಂ ಶುರುವಾಗಿದ್ದು 1819ರಲ್ಲಿ, ವೆಲಾಸ್ಕೆಸ್ ‘ಲಾಸ್ ಮೆನಿನಾಸ್’ ಚಿತ್ರ ಬರೆದಿದ್ದು 1656ರಲ್ಲಿ, ಪಿಕಾಸೋನ ‘ಗೆರ್ನಿಕಾ’ ಚಿತ್ರ 7.77 ಮೀಟರ್ ಅಗಲ, ಎಲ್ಲಾ ಸರಿ. ಗೆರ್ನಿಕಾ ಮುಂದೆ "ಮೈ ಜುಮ್ಮೆಂದಿತು" ಅಂತೀಯ. ನಿಜ ಹೇಳು, ಜುಮ್ಮಂತಾ? ಅಷ್ಟು ಜನರ ತಲೆಗಳ ಮಧ್ಯೆ ನಿನಗೆ ಕಂಡಿದ್ದೇನು? ಆ ಕುದುರೆ ನಾಲಿಗೆ ಚೂರಿ ಥರ ಚೂಪಾಗಿದೆಯಲ್ಲ, ಅದು ಕಂಡಿದ್ರೆ ಒಂದು ಸಾಲಾದ್ರೂ ಬರ್ತಿತ್ತು.

ಆದ್ರೆ ಒಂಬತ್ತನೇ ಪುಟ! ಸಂಜೆ ಆರರ ಮೇಲೆ ಪ್ರಾಡೋ ಫ್ರೀ ಅಂತ ಕ್ಯೂ ನಿಂತು ಒಳಗೆ ಹೋದೆ, ಹೊಸ ಶೂ ಕಚ್ಚಿ ಹಿಮ್ಮಡಿ ಸುಲ್ದು ಹೋಗಿತ್ತು, ಫೋಟೋ ತೆಗೆಯೋ ಹಾಗಿಲ್ಲ ಅಂತ ಮೊಬೈಲ್ ಬ್ಯಾಗಲ್ಲಿಟ್ಟು ಚಿತ್ರಕಾರ ಗೋಯಾನ ನಾಯಿ ಚಿತ್ರದ ಮುಂದೆ ಒಂಟಿ ಕಾಲಲ್ಲಿ ನಿಂತೆ. ಕೆಳಗೆ ನಾಯಿ ತಲೆ ಒಂದೇ, ಮೇಲೆಲ್ಲಾ ಮಣ್ಣು ಬಣ್ಣದ ಖಾಲಿ. "ಇಷ್ಟು ಜಾಗ ಯಾಕೆ ಬಿಟ್ಟ ಗೊತ್ತಾಗಲಿಲ್ಲ, ಆದರೆ ಅಲ್ಲಿಂದ ಕದಲೋಕೆ ಆಗಲಿಲ್ಲ." ಇದೊಂದು ಸಾಲು ಓದಿ ಕನ್ನಡಕ ತೆಗೆದಿಟ್ಟೆ. ಅದರ ಹಿಂದೆನೇ ಓಡ್ಕೊಂಡು ಬಂದು, ಗೋಯಾ ಕಿವುಡ, ಅದಕ್ಕೇ ಅವನು ಇದನ್ನ ಬರೆದ ಮನೆಗೆ ಕಿವುಡನ ಮನೆ ಅಂತ ಹೆಸರು ಬಂತು ಅಂತ ಸೇರಿಸಿ ಕೆಡಿಸ್ದೆ. ಆ ಹೆಸರು ಅವನಿಗಿಂತ ಮುಂಚೆ ಅಲ್ಲಿದ್ದ ಕಿವುಡನಿಂದ ಬಂದಿದ್ದಮ್ಮಾ. ಅವನು ಮನೆ ಗೋಡೆ ಮೇಲೆ ಬರೆದ ಹದಿನಾಲ್ಕು ಚಿತ್ರಕ್ಕೂ ಹೆಸರಿಟ್ಟಿರ್ಲಿಲ್ಲ, ಸತ್ತು ನಲವತ್ತು ವರ್ಷ ಕಳೆದ ಮೇಲೆ ಗೋಡೆಯಿಂದ ಕ್ಯಾನ್ವಾಸಿಗೆ ಎತ್ತಿದ್ದು. ಕಿವಿಗೆ ಬಿದ್ದಿದ್ದನ್ನ ವಿಚಾರಿಸ್ದೆ ಬರೀಬೇಡ. ಯಾಕಿಷ್ಟು ಸಿಟ್ಟು ಗೊತ್ತಾ?

ನನ್ನ ಮೊದಲನೇ ಲೇಖನ ಮೈಸೂರಿನ ಜಗನ್ಮೋಹನ ಅರಮನೆ ಮೇಲೆ. ದೀಪ ಹಿಡಿದ ಹೆಂಗಸಿನ ಚಿತ್ರ ಇದೆಯಲ್ಲ, ಅದು ರವಿವರ್ಮನ ತೈಲಚಿತ್ರ ಅಂತ ಬರ್ದೆ, ಊರೆಲ್ಲ ಹಾಗೇ ಹೇಳ್ತಿತ್ತು. ಪೇಪರಲ್ಲಿ ಬಂತು, ಶಾಲೇಲಿ ಎಲ್ರೂ ಬೆನ್ನು ತಟ್ಟಿದ್ರು. ಹದಿನೈದು ದಿನಕ್ಕೆ ಓದುಗರೊಬ್ಬರ ಕಾರ್ಡು: ಬರೆದವರು ಹಲ್ದಂಕರ್, ಅದು ಜಲವರ್ಣ, ನಿಂತಿರೋದು ಅವರ ಮಗಳು. ತಿದ್ದುಪಡಿ ಕಳಿಸ್ಲಿಲ್ಲ ನಾನು. ಆ ಕಾರ್ಡನ್ನ ನಿಘಂಟಿನೊಳಗೆ ಬಚ್ಚಿಟ್ಟೆ. ಆ ಪುಣ್ಯಾತ್ಮರಿಗೆ ಒಂದು ಉತ್ತರನೂ ಬರೀಲಿಲ್ಲ, ಅದು ಇವತ್ತಿಗೂ ಚುಚ್ಚುತ್ತೆ. ಎಷ್ಟೋ ವರ್ಷ ಆದ್ಮೇಲೆ ಒಬ್ಬನೇ ಹೋಗಿ ಅದರ ಮುಂದೆ ನಿಂತಾಗ ಮೊದಲ ಸಲ ಕಾಣ್ತು, ದೀಪಕ್ಕೆ ಅಡ್ಡ ಹಿಡಿದ ಕೈ ಇದೆಯಲ್ಲ, ಆ ಬೆರಳ ಸಂದೀಲಿ ಬೆಳಕು ಕೆಂಪಗೆ ಇಳ್ದಿದೆ. ಮೊದಲೇ ಇದನ್ನ ನೋಡಿದ್ರೆ ಇದನ್ನೇ ಬರೀತಿದ್ದೆ, ರವಿವರ್ಮನ ಹೆಸರೇ ಬೇಕಿರ್ಲಿಲ್ಲ.

ಹೊಗಳಿಕೆ ಬಂದಿದ್ರಿಂದ್ಲೇ ನಾನು ಕೆಟ್ಟೆ. ನಿಂಗೆ ಲೇಖನ ವಾಪಸ್ ಬಂತು, ನನ್ ಪ್ರಕಾರ ಒಳ್ಳೇದೇ ಆಯ್ತು.

ಹನ್ನೊಂದು ಪುಟ ತೆಗೆದಿಡು. ಎಷ್ಟು ಹೊತ್ತು ನಿಂತಿದ್ದೆ, ಪಕ್ಕದಲ್ಲಿ ಯಾರಿದ್ರು, ಮುಚ್ತೀವಿ ಅಂತ ಹೊರಡಿಸಿದಾಗ ಆ ಕಾಲಲ್ಲಿ ರೂಮಿಗೆ ಹೇಗೆ ನಡ್ಕೊಂಡು ಹೋದೆ, ಒಬ್ಳೇ ಏನು ತಿಂದೆ, ಅದನ್ನ ಬರಿ. ಆ ನಾಯಿ ಎತ್ತ ನೋಡ್ತಿತ್ತು ಅಂತ ಮಾತ್ರ ಮರೀಬೇಡ, ನಾನು ಪುಸ್ತಕದಲ್ಲಷ್ಟೇ ನೋಡಿರೋದು. ದಸರಾದೊಳಗೆ ಕಳಿಸು.

ನಿನ್ನ ಮೇಷ್ಟ್ರು