ಅಳತೆಯ ಕಣ್ಣನ್ನು ಬಿಟ್ಟು ಬರಬೇಡ

ಪ್ರೀತಿಯ ತಂಗಿ,

ನೀನು ಕಳಿಸಿದ ಎರಡೂ ಬರಹ ಓದಿದೆ. ದುರ್ಗದ ಕೋಟೆಯ ಮೇಲೆ ಮಳೆ ಸುರಿದದ್ದು ಚೆನ್ನಾಗಿಯೇ ಬಂದಿದೆ. ಆದರೆ ಅದನ್ನು ಬೇರೆ ಯಾರಾದರೂ ಬರೆದಾರು. ಹೊಸದುರ್ಗದ ಕಡೆ ಜಮೀನಿನ ಗಡಿ ಗುರುತಿಸುವ ಹದ್ದುಬಸ್ತಿಗೆ ಹೋದಾಗ ಗಡಿಯ ಬಾಂದು ಕಲ್ಲು ಸಿಕ್ಕ ಕೂಡಲೇ ಆ ಜಮೀನಿನ ಅಣ್ಣ ತಮ್ಮ ಇಬ್ಬರೂ ಮಾತು ನಿಲ್ಲಿಸಿದರಲ್ಲ, ಆ ನಾಲ್ಕು ಸಾಲನ್ನು ಮತ್ತೆ ಮತ್ತೆ ಓದಿದೆ. ಅದು ನಿನ್ನಿಂದ ಮಾತ್ರ ಆಗುವ ಬರಹ.

ಸರ್ವೆ ಕೆಲಸ ಬಿಟ್ಟು ಪೂರ್ತಿ ಬರವಣಿಗೆಗೆ ಬರಲೇ ಅಂತ ಕೇಳಿದ್ದೀಯ. ಬಿಡುವುದು, ಇರುವುದು ನಿನ್ನ ಮನೆಯ ಪರಿಸ್ಥಿತಿ ನೋಡಿ ನೀನೇ ತೀರ್ಮಾನ ಮಾಡಬೇಕು. ನಾನು ಹೇಳುವುದು ಇಷ್ಟೇ: ಬಂದರೆ ಆ ಕೆಲಸದ ಕಣ್ಣನ್ನೂ ಜೊತೆಗೆ ತಾ. ಬಿ.ಜಿ.ಎಲ್. ಸ್ವಾಮಿ ಸಸ್ಯಶಾಸ್ತ್ರದ ಮೇಷ್ಟ್ರು. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿದ್ದೇ 'ಹಸುರು ಹೊನ್ನು' ಆಯಿತು, 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ಬಂಗಾಳಿ ಲೇಖಕ ಮನೋರಂಜನ್ ಬ್ಯಾಪಾರಿ ಕೋಲ್ಕತ್ತದಲ್ಲಿ ರಿಕ್ಷಾ ಎಳೆದವರು. ಬೇಬಿ ಹಾಲ್ದಾರ್ ಮನೆಗೆಲಸ ಮಾಡುತ್ತಲೇ ತಮ್ಮ ಬದುಕನ್ನು ಬರೆದರು. ದುಡಿದ ಜಾಗದಲ್ಲಿ ಕಂಡದ್ದನ್ನು ಇವರು ಯಾರೂ ಸಾಹಿತ್ಯಕ್ಕೆ ತಕ್ಕದ್ದಲ್ಲ ಅಂತ ಪಕ್ಕಕ್ಕೆ ಇಡಲಿಲ್ಲ.

ನಿನ್ನ ಹತ್ತಿರ ಜಮೀನು ಭಾಗ ಮಾಡುವ ಪೋಡಿ, ಅಳತೆ ಬರೆದಿಟ್ಟ ಟಿಪ್ಪಣಿ, ವಿಸ್ತೀರ್ಣ ಕಂದಾಯದ ಲೆಕ್ಕವಿರುವ ಆಕಾರಬಂದ್ ಇವೆ. ಬರಹದಲ್ಲಿ ಅವುಗಳನ್ನು ಮರೆಸಿ 'ಭೂಮಿತಾಯಿಯ ಮಡಿಲು' ಅಂತ ಯಾಕೆ ಬರೆಯುತ್ತೀಯ? ಅರ್ಧ ಗುಂಟೆಗಾಗಿ ಕೋರ್ಟು ಹತ್ತಿದರು ಅಂದರೆ ಪೇಟೆಯವರಿಗೆ ಅದು ಸುಮ್ನೆ ಒಂದು ಜಗಳ. 33 ಅಡಿಗೆ 33 ಅಡಿ ಒಂದು ಗುಂಟೆ, ಅದರ ಅರ್ಧದಲ್ಲಿ ಹೆಚ್ಚೆಂದರೆ ಒಂದು ತೆಂಗಿನ ಮರ ನಿಲ್ಲುತ್ತದೆ ಅಂತ ಹೇಳು. ಆ ಮರ ನೆಟ್ಟವರು ಯಾರು, ಕಾಯಿ ಕೀಳುವವರು ಯಾರು ಅಂತ ಹೇಳು. ಆಗ ಜಗಳದ ಬೇರು ಕಾಣುತ್ತದೆ, ಅಲ್ವಾ?

ಇನ್ನೊಂದು ನೋಡು. 1907ರಲ್ಲಿ ಕಟ್ಟಿ ಮುಗಿಸಿದ, ಚಿತ್ರದುರ್ಗ ಜಿಲ್ಲೆಯ ವಾಣಿವಿಲಾಸ ಸಾಗರ ಅಣೆಕಟ್ಟು 1933ರ ನಂತರ ಕೋಡಿ ಬಿದ್ದದ್ದು 2022ರಲ್ಲಿ. ಇಡೀ ಜಿಲ್ಲೆಗೆ ಹಬ್ಬ. ಬರೆದವರೆಲ್ಲ ಕೋಡಿಯ ಹತ್ತಿರ ನಿಂತು ಬರೆದರು. ಹಿನ್ನೀರಿನ ಅಂಚಿನ ತೋಟಗಳಿಗೆ ನೀರು ನುಗ್ಗಿದ್ದರ ಬಗ್ಗೆ ಬರೆದವರು ಕಡಿಮೆ. ಮೂರು ತಲೆಮಾರು ನೀರೇ ಬಾರದ ಜಾಗ ಅದು. ಜನ ಅದನ್ನು ತಮ್ಮದು ಅಂದುಕೊಂಡದ್ದು ಹೇಗೆ, ನಕ್ಷೆಯಲ್ಲಿ ಗೆರೆ ಎಲ್ಲಿತ್ತು, ನಿಜವಾಗಿ ನೀರು ಎಲ್ಲಿಯವರೆಗೆ ಬಂತು, ಇದನ್ನು ಓದಬಲ್ಲವಳು ನೀನು. ದಯವಿಟ್ಟು ಬರೆ. ನನಗೆ ಅದನ್ನು ಓದುವ ಆಸೆ ತುಂಬಾ ಇದೆ.

ಈಗ ನನಗೆ ಜಾಸ್ತಿ ಮುಖ್ಯ ಅನ್ನಿಸುವ ವಿಷಯ. ನಾನು ಬ್ಯಾಂಕಿನಲ್ಲಿ ಬೆಳೆಸಾಲದ ಮೇಜಿನಿಂದ ಬಂದವಳು. ಅರ್ಜಿ ತುಂಬಿಸುವಾಗ ಹೆಂಗಸರು ಗಂಡನಿಗೂ ಹೇಳದ್ದನ್ನು ನನಗೆ ಹೇಳಿದ್ದಾರೆ. ಹೇಳಿದ್ದು ಬ್ಯಾಂಕಿನ ಮೇಡಮ್ಮಿಗೆ, ಬರೆಯುವವಳಿಗಲ್ಲ. ನಿನಗೂ ಹಾಗೆಯೇ. ಆ ಅಣ್ಣ ತಮ್ಮ ಬಾಯಿಬಿಟ್ಟದ್ದು ಸರ್ವೆಯವಳ ಎದುರಿಗೆ. ಹೆಸರು ಬದಲಿಸಿದರೆ ಸಾಕು ಅಂದುಕೊಳ್ಳಬೇಡ. ತೆಂಗಿನ ತೋಟ, ಬತ್ತಿದ ಕೊಳವೆಬಾವಿ, ಮಾತು ಬಿಟ್ಟ ಇಬ್ಬರು ಗಂಡುಮಕ್ಕಳು ಅಂದರೆ ತಾಲ್ಲೂಕಿನಲ್ಲಿ ಯಾರ ಮನೆ ಅಂತ ಗುರುತು ಹತ್ತಿಯೇ ಹತ್ತುತ್ತದೆ. ವಾಪಸ್ ಹೋಗು. ಬರೆದದ್ದನ್ನು ಓದಿ ಹೇಳು. ಬೇಡ ಅಂದರೆ ಆ ಪುಟ ನಿನ್ನಲ್ಲೇ ಉಳಿಯಲಿ. ಒಪ್ಪಿದರೆ, ನೀನು ಕೇಳದೆ ಬಿಟ್ಟಿದ್ದ ಸಂಗತಿಯನ್ನೂ ಅವರೇ ಹೇಳುತ್ತಾರೆ. ನನ್ನ ಒಳ್ಳೆಯ ಪುಟಗಳು ಹೀಗೆ ಎರಡನೇ ಸಲ ಹೋದಾಗಲೇ ಸಿಕ್ಕಿದ್ದು.

ಇಬ್ಬರನ್ನು ಸೇರಿಸಿ ಒಬ್ಬನನ್ನು ಮಾಡುವ ಆಸೆ ಬರುತ್ತದೆ. ಮಾಡಬಹುದು, ಆದರೆ ಆಗ ಅದು ಕಥೆ, ಕಥೆ ಅಂತಲೇ ಅಚ್ಚು ಹಾಕಿಸು. ಅನುಭವ ಕಥನದಲ್ಲಿ ನಿನ್ನ ಕೈಲಿರುವುದು ಎಲ್ಲಿಂದ ಶುರು ಮಾಡಬೇಕು, ಯಾರ ಮಾತು ಮೊದಲು ಕೇಳಿಸಬೇಕು, ಯಾವುದನ್ನು ತಡಮಾಡಿ ಹೇಳಬೇಕು ಅನ್ನುವುದು. ಅದೇ ಬೇಕಾದಷ್ಟಿದೆ.

ಹಿನ್ನೀರಿನ ಬರಹ ಕಳಿಸುವಾಗ ಕೈಯಲ್ಲಿ ಬರೆದ ಒಂದು ನಕ್ಷೆಯನ್ನೂ ಕಳಿಸು, ಮಾಲೀಕರ ಹೆಸರು ಬೇಡ. ಪಕ್ಕದಲ್ಲಿಟ್ಟುಕೊಂಡು ಓದುತ್ತೇನೆ. ಮುಂದಿನ ತಿಂಗಳು ದಾವಣಗೆರೆಗೆ ಬಂದರೆ ಮನೆಗೇ ಬಾ, ಸಾಲು ಸಾಲು ಕೂತು ನೋಡೋಣ.

ಇಂತಿ,
ನಿನ್ನ ಅಕ್ಕ
ದಾವಣಗೆರೆ